ಬೂಸಾ ನೆನಪಿದೆ, ಬುಟ್ಟಿ ಮರೆತುಹೋಯಿತೇ?

ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಮಾಜಿ ಸಚಿವ ಬಿ. ಬಸವಲಿಂಗಪ್ಪನವರ ಬಗ್ಗೆ ನಾಲ್ಕು ಸಾಲು ಬರೆದಿದ್ದರು. ಮೂರು ಸಾಲು ಬೂಸಾ ಪ್ರಕರಣ (ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಅಂದರೆ ದನದ ಮೇವು, ಅನ್ನುವ ಅರ್ಥದ ಅವರ ಮಾತಿಗೆ ಎದ್ದ ಗಲಾಟೆ), ನಾಲ್ಕನೆಯದರಲ್ಲಿ 'ಕನ್ನಡ ದ್ರೋಹಿ' ಅಂತ ಮುಗಿಸಿಬಿಟ್ಟರು. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ.

ನಾನು ಮೈಸೂರಿನಲ್ಲಿ ಹುಟ್ಟಿ ಬೆಳೆದವನು. ಬ್ಯಾಂಕ್ ಕೆಲಸ ಮುಗಿಸಿ ಈಗ ಬೆಂಗಳೂರಿನ ಅಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. 1973ರಲ್ಲಿ ನನಗೆ ಹತ್ತು ವರ್ಷ. ನಮ್ಮ ಬೀದಿಯ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇತ್ತು. ಕನ್ಸರ್ವೆನ್ಸಿ ಗಲ್ಲಿ ಅನ್ನುತ್ತಿದ್ದೆವು. ಪ್ರತಿ ಕಕ್ಕಸಿನ ಹಿಂಬದಿಗೆ ಆ ಗಲ್ಲಿಗೆ ತೆರೆಯುವ ಒಂದು ಮೊಳದ ತಗಡಿನ ಬಾಗಿಲು. ಬೆಳಗ್ಗೆ ಏಳರ ಹೊತ್ತಿಗೆ ಅದು ಕಿರ್ ಅನ್ನುತ್ತಿತ್ತು. ಒಳಗೆ ಯಾರಾದರೂ ಕೂತಿದ್ದರೆ ಕೆಮ್ಮಬೇಕು, ಆಗ ಮಲ ಬಾಚಲು ಬರುವ ಹೆಂಗಸು ಪಕ್ಕದ ಮನೆಗೆ ಹೋಗಿ ಆಮೇಲೆ ಬರುತ್ತಿದ್ದಳು. ಕೈಯಲ್ಲಿ ಒಂದು ತಗಡಿನ ತುಂಡು, ಮೊಂಡಾದ ಪೊರಕೆ, ಬಿದಿರಿನ ಬುಟ್ಟಿ. ನಮ್ಮ ಹಂಡೆ ಒಲೆಯ ಬೂದಿಯನ್ನು ಅಮ್ಮ ಡಬ್ಬದಲ್ಲಿ ತುಂಬಿಡುತ್ತಿದ್ದಳು. ಆಕೆ ಅದನ್ನು ಬುಟ್ಟಿಯೊಳಗೆ ಚೆಲ್ಲಿ, ಬಾಚಿ, ಮೇಲೆ ಇನ್ನೊಂದಿಷ್ಟು ಬೂದಿ ಉದುರಿಸಿ, ಹಳೇ ಸೀರೆಯ ಸಿಂಬಿ ಸುತ್ತಿ ತಲೆಗೆ ಏರಿಸಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. ಆಗ ಸೆರಗನ್ನು ಕಿವಿಯ ಮೇಲೆ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡು ನಡೆಯುತ್ತಿದ್ದಳು. ಮಾತಾಡಿದರೆ ಸೆರಗು ಜಾರುತ್ತೆ, ಅದಕ್ಕೇ ಮಳೆಗಾಲದಲ್ಲಿ ಆಕೆಯ ದನಿಯೇ ಕೇಳುತ್ತಿರಲಿಲ್ಲ. ಹಬ್ಬದ ಮಾರನೇ ದಿನ ಅಮ್ಮ ಉಳಿದ ಒಬ್ಬಟ್ಟನ್ನು ಬಾಳೆಲೆ ತುಂಡಿನಲ್ಲಿ ಹಿತ್ತಲ ಗೋಡೆ ಮೇಲೆ ಇಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ. ಅಮ್ಮ ಕೆಟ್ಟವಳಲ್ಲ, ಆ ಬೀದಿಯಲ್ಲಿ ಯಾರೂ ಕೈಗೆ ಕೊಡುತ್ತಿರಲಿಲ್ಲ, ಅಷ್ಟೇ. ಅಷ್ಟೇ ಅಂತ ಬರೆಯುವಾಗ ಈಗ ಕೈ ತಡೆಯುತ್ತದೆ, ಅದು ಬೇರೆ ಮಾತು.

ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಂಡವರು ಈ ಬಸವಲಿಂಗಪ್ಪ. ದಲಿತ ಕುಟುಂಬದಿಂದ ಬಂದು ವಕೀಲರಾದವರು. ಆ ಕುರ್ಚಿಯಲ್ಲಿ ಕೂತು ಅವರು ಮಾಡಿದ ದೊಡ್ಡ ಕೆಲಸ ಅಂದರೆ ತಲೆ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದ್ದು. ನೆನಪಿಡಿ, ಇಡೀ ದೇಶಕ್ಕೆ ಇಂಥದ್ದೊಂದು ಕಾನೂನು ಸಂಸತ್ತಿನಲ್ಲಿ ಪಾಸಾದದ್ದು 1993ರಲ್ಲಿ. ಎರಡು ದಶಕ ಮುಂಚೆ ನಮ್ಮ ಸಚಿವರೊಬ್ಬರು ಇದು ಆಗಕೂಡದು ಅಂದಿದ್ದರು. ನಮ್ಮ ಗಲ್ಲಿಯಲ್ಲಿ ಅದು ಒಂದೇ ದಿನಕ್ಕೆ ಜಾರಿಗೆ ಬರಲಿಲ್ಲ, ನಿಜ. ಮೊದಲು ಬುಟ್ಟಿ ಹೋಗಿ ತಳ್ಳುಗಾಡಿ ಬಂತು. ಆಮೇಲೆ ಅಪ್ಪ ಸಾಲ ಮಾಡಿ ಗುಂಡಿ ತೋಡಿಸಿ, ನೀರು ಹಾಕುವ ಕಕ್ಕಸು ಕಟ್ಟಿಸಿದರು. ಗೊಣಗಿಕೊಂಡೇ ಕಟ್ಟಿಸಿದರು ಅನ್ನಿ. ತಗಡಿನ ಬಾಗಿಲಿದ್ದ ಕಡೆ ಇಟ್ಟಿಗೆ ಇಟ್ಟು ಮುಚ್ಚಿದ ಗುರುತು ಆ ಗೋಡೆಯಲ್ಲಿ ಬಹಳ ವರ್ಷ ಇತ್ತು.

ಈಗ ಬೂಸಾಕ್ಕೆ ಬರೋಣ. 1973ರ ನವೆಂಬರಿನಲ್ಲಿ, ನಮ್ಮ ಮೈಸೂರಿನಲ್ಲೇ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅನ್ನುವ ಅರ್ಥದ ಮಾತು ಅವರ ಬಾಯಿಂದ ಬಂತು. ಹಸು ಕಟ್ಟಿದವರಿಗೆ ಬೂಸಾ ಬೈಗುಳವಲ್ಲ, ಅದರ ಬೆಲೆ ಗೊತ್ತು. ಆದರೆ ಅವರು ಹೊಗಳಲಿಕ್ಕೆ ಹೇಳಲಿಲ್ಲ ಅನ್ನುವುದೂ ಸರಿಯೇ. ಊರಿಗೆ ಬೆಂಕಿ ಬಿದ್ದ ಹಾಗಾಯಿತು. ನಮ್ಮಣ್ಣ ಆಗ ಕಾಲೇಜಿನಲ್ಲಿದ್ದ. ಮೆರವಣಿಗೆಗೆ ಹೋಗಿ ಗಂಟಲು ಕಟ್ಟುವವರೆಗೂ ಧಿಕ್ಕಾರ ಕೂಗಿ ಬಂದ. ಅಮ್ಮ ಅವನಿಗೆ ಮೆಣಸಿನ ಕಷಾಯ ಮಾಡಿಕೊಟ್ಟಳು. ಗಲಾಟೆ ಬೇರೆ ಊರುಗಳಿಗೂ ಹಬ್ಬಿ, ದಲಿತ ಹುಡುಗರಿಗೂ ಅವರ ಹಾಸ್ಟೆಲ್‌ಗಳಿಗೂ ಹೊಡೆತ ಬಿತ್ತು. ಕೊನೆಗೆ ಮಂತ್ರಿಗಿರಿ ಹೋಯಿತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಕಾವಿನಿಂದಲೇ ಅಂತ ಅದರಲ್ಲಿದ್ದವರೇ ಹೇಳುತ್ತಾರೆ.

ನನಗೆ ಇವತ್ತಿಗೂ ಅರ್ಥವಾಗದ್ದು ಒಂದು. ನಮ್ಮಣ್ಣ ಬೆಳಗ್ಗೆ ಎದ್ದು, ಆ ತಗಡಿನ ಬಾಗಿಲಿನ ಕಕ್ಕಸಿಗೆ ಹೋಗಿ ಬಂದು, ಸ್ನಾನ ಮಾಡಿ, ಕನ್ನಡದ ಮಾನ ಉಳಿಸಲು ಹೊರಟಿದ್ದ. ಆ ಬುಟ್ಟಿ ಇಳಿಸಿ ಅಂದ ಮನುಷ್ಯನ ವಿರುದ್ಧವೇ ಧಿಕ್ಕಾರ ಕೂಗಿದ. ಬುಟ್ಟಿಗಾಗಿ ಆ ಬೀದಿಯಲ್ಲಿ ಒಂದು ದಿನವೂ ಒಂದು ಮೆರವಣಿಗೆ ಹೋಗಿದ್ದು ನಾನು ಕಾಣೆ. ಸಾಹಿತ್ಯದ ಬಗ್ಗೆ ಅವರು ಹೇಳಿದ್ದು ತಪ್ಪು ಅಂತ ನೀವು ವಾದಿಸಿ, ನಾನೂ ಅರ್ಧ ದಾರಿ ನಿಮ್ಮ ಜೊತೆ ಬರುತ್ತೇನೆ. ಕನ್ನಡ ಓದಿಯೇ ನಾನು ಮನುಷ್ಯನಾದವನು. ಆದರೆ ಆಕೆ ಕಚ್ಚಿಕೊಂಡಿದ್ದ ಸೆರಗಿನ ಬಗ್ಗೆ ಆ ಹೊತ್ತಿನ ಎಷ್ಟು ಪುಸ್ತಕಗಳಲ್ಲಿ ಬರೆದಿತ್ತು ಅಂತ ಅವರು ಕೇಳಿದ್ದರೆ ನಾವು ಏನು ಹೇಳುತ್ತಿದ್ದೆವು?

ಇದೆಲ್ಲ ಹಳೇ ಕಥೆ ಅಲ್ವಾ, ಈಗ ಯಾಕೆ ಅನ್ನಬಹುದು. ಹಳೆಯದಾಗಿದ್ದರೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದೇ ಕೆಲಸ ಮಾಡಿಕೊಂಡು ಬಂದ ಜನ, ತಾವು ವಾಸವಿದ್ದ ಜಾಗ ಬಿಡಿಸಲು ಹೊರಟಾಗ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಳ್ಳುತ್ತಿರಲಿಲ್ಲ. ನಿಷೇಧವಾಗಿ ಮೂವತ್ತೈದು ವರ್ಷ ಕಳೆದಿತ್ತು ಆಗ.

ನಮ್ಮ ಅಪಾರ್ಟ್‌ಮೆಂಟಿನ ಕಥೆಯನ್ನೂ ಹೇಳುತ್ತೇನೆ. ಎರಡು ತಿಂಗಳ ಹಿಂದೆ ಕೊಳಚೆ ನೀರಿನ ಟ್ಯಾಂಕು ಕಟ್ಟಿಕೊಂಡಿತು. ಬೇಸ್‌ಮೆಂಟಿನಲ್ಲಿ ಕಾರು ತೆಗೆಯಲು ಹೋದೆ. ಮುಚ್ಚಳ ತೆಗೆದಿತ್ತು, ಅದರ ಪಕ್ಕ ಎರಡು ಜೊತೆ ಹವಾಯಿ ಚಪ್ಪಲಿ ನೀಟಾಗಿ ಬಿಟ್ಟಿತ್ತು. ಹುಡುಗರಿಬ್ಬರು ಪ್ಯಾಂಟು ಮಡಚಿಕೊಂಡು ಇಳಿಯಲು ನಿಂತಿದ್ದರು. ಹಗ್ಗ ಇಲ್ಲ, ಮುಖಕ್ಕೆ ಏನೂ ಇಲ್ಲ. ಕಂಟ್ರಾಕ್ಟರ್ "ಹತ್ತೇ ನಿಮಿಷ ಸಾರ್, ಇವ್ರಿಗೆ ಅಭ್ಯಾಸ ಇದೆ" ಅಂದ. ಎಂಥ ಅಭ್ಯಾಸ? ಒಳಗಿನ ಗಾಳಿ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಬ್ಬ ಬೀಳುತ್ತಾನೆ, ಎತ್ತಲು ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಪೇಪರಿನಲ್ಲಿ ಸತ್ತವರು ಯಾವಾಗಲೂ ಇಬ್ಬರು, ಮೂವರು ಅಂತಲೇ ಬರುವುದು ಅದಕ್ಕೆ.

ನಾನು ಕೂಗಾಡಿ ನಿಲ್ಲಿಸಿದೆ. ಹುಡುಗರಿಗೆ ನನ್ನ ಮೇಲೆ ಸಿಟ್ಟು ಬಂತು, ಅವತ್ತಿನ ಕೂಲಿ ಹೋಯಿತಲ್ಲ. ಅರ್ಧ ದಿನದ ದುಡ್ಡು ಕೊಟ್ಟು ಕಳಿಸಿದೆ. ಅದು ಪರಿಹಾರವಲ್ಲ ಅಂತ ನನಗೂ ಗೊತ್ತು. ಮಲ ಹೊರುವ ಕೆಲಸವನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಹೀಗೆ ಯಾವ ರಕ್ಷಣೆಯೂ ಇಲ್ಲದೆ ಟ್ಯಾಂಕಿಗೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ಮೊದಲು ಅದು 10 ಲಕ್ಷ ಇತ್ತು. ಇದನ್ನು ಸಂಘದವರ ಮುಂದೆ ಹೇಳಿದರೆ ಸಿಕ್ಕ ಉತ್ತರ, "ಕಾನೂನು ಸರಿ ಸಾರ್, ಆದ್ರೆ ನೀರು ಉಕ್ತಾ ಇದೆಯಲ್ಲ." ನಮ್ಮಪ್ಪನೂ ಗುಂಡಿ ತೋಡಿಸುವ ಮುಂಚೆ ಹೆಚ್ಚುಕಡಿಮೆ ಇದನ್ನೇ ಅಂದಿದ್ದರು.

ಬಸವಲಿಂಗಪ್ಪನವರನ್ನು ಪೂಜೆ ಮಾಡಿ ಅನ್ನುತ್ತಿಲ್ಲ. ಪೂಜೆ ಅವರಿಗೇ ಹಿಡಿಸುತ್ತಿರಲಿಲ್ಲವೇನೋ, ದೇವರ ಪಟಗಳ ಬಗ್ಗೆ ಮಾತಾಡಿಯೂ ಜನರನ್ನು ಎದುರು ಹಾಕಿಕೊಂಡವರು. ಬೂಸಾ ಅಂತ ಬರೆಯುವಾಗ ಪಕ್ಕದಲ್ಲೇ ಬುಟ್ಟಿ ಅಂತಲೂ ಬರೆಯಿರಿ, ಅಷ್ಟು ಸಾಕು.

ಇನ್ನೊಂದು ಕೋರಿಕೆ. ಬರುವ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆ ಇದೆ. ಟ್ಯಾಂಕಿಗೆ ಮಿಷನ್ ಗಾಡಿಯನ್ನೇ ಕರೆಸಬೇಕು ಅಂತ ನಾನು ಕೊಟ್ಟ ಪ್ರಸ್ತಾಪಕ್ಕೆ, ಮನೆಗೆ ತಿಂಗಳಿಗೆ ಒಂದಿಷ್ಟು ಜಾಸ್ತಿ ಬೀಳುತ್ತೆ ಅಂತ ತಕರಾರು ಎದ್ದಿದೆ. ಬಾಯಲ್ಲಿ ಹೇಳಿದ್ದನ್ನು ನಂಬದವರು ಪೇಪರಿನಲ್ಲಿ ಬಂದದ್ದನ್ನು ನಂಬುತ್ತಾರೆ. ಹಾಕುವುದಾದರೆ ಶನಿವಾರದೊಳಗೆ ಹಾಕಿಬಿಡಿ, ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಬೇಕು.

ಇತಿ,
ನಿಮ್ಮ ಹಳೆಯ ಓದುಗ, ಬೆಂಗಳೂರು