ಮಗಳ ವಿಚ್ಛೇದನಕ್ಕೆ ನಾನೇ ಅಡ್ಡ ನಿಂತಿದ್ದೆ

ಮಾನ್ಯರೇ,

ಒಪ್ಪಿಗೆಯ ವಿಚ್ಛೇದನ ಸುಲಭವಾಗಿದ್ದರಿಂದಲೇ ಸಂಸಾರಗಳು ಒಡೆಯುತ್ತಿವೆ ಎಂದು ಹಿರಿಯರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಮೂರು ವರ್ಷದ ಹಿಂದೆ ಓದಿದ್ದರೆ ನಾನೂ ಹೌದೌದು ಅನ್ನುತ್ತಿದ್ದೆ. ಈಗ ಅನ್ನಲಾರೆ. ನನ್ನ ಮಗಳಿಗೆ ಅದು ಸುಲಭವಾಗಿ ಸಿಗಲಿಲ್ಲ. ಕಷ್ಟ ಮಾಡಿಟ್ಟವನು ನಾನೇ.

ನಾನು ಹಾಸನ ಜಿಲ್ಲೆಯವನು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತನಾದೆ. ಮಗಳು, ಅಳಿಯ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಮದುವೆಯಾದ ನಾಲ್ಕನೇ ವರ್ಷ ಬೇರೆ ಬೇರೆ ಮನೆ ಮಾಡಿದರು. ಹೊಡೆತ ಬಡಿತ ಇರಲಿಲ್ಲ, ದುಡ್ಡಿನ ಕಾಟವೂ ಇರಲಿಲ್ಲ. ಒಂದೇ ಮನೆಯಲ್ಲಿದ್ದು ವಾರಗಟ್ಟಲೆ ಮಾತಿರಲಿಲ್ಲ, ಅಷ್ಟೇ. ‘ಅಪ್ಪ, ಇಬ್ಬರೂ ಸಾಕಷ್ಟು ಪ್ರಯತ್ನ ಪಟ್ಟೆವು, ಆಗ್ತಿಲ್ಲ’ ಅಂದಳು. ‘ಹೊಂದಿಕೊಂಡು ಹೋಗಮ್ಮ’ ಅಂದೆ. ಒಂದಿಡೀ ವರ್ಷ ಇದೊಂದೇ ಮಾತು ಹೇಳಿದೆ.

ಆಮೇಲೆ ಸಲಹೆ ಕೊಡುವವರು ಬಂದರು. ನನ್ನ ಭಾವಮೈದ, ‘ಒಂದು ವರದಕ್ಷಿಣೆ ಕೇಸ್ ಹಾಕಿಸಿ, ತಾನಾಗಿ ದಾರಿಗೆ ಬರ್ತಾನೆ’ ಎಂದ. ಊರಿನ ಹಿರಿಯರು ಇನ್ನೊಂದು ಹೇಳಿದರು. ನಾಲ್ಕು ಜನರ ಎದುರು ಛಾಪಾ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿದರೆ ಮುಗೀತು, ಕೋರ್ಟ್ ಯಾಕೆ ಅಂದರು. ಎರಡಕ್ಕೂ ನಾನು ತಲೆಯಾಡಿಸಿದೆ. ಮಗಳು ಎರಡನ್ನೂ ಒಪ್ಪಲಿಲ್ಲ. ‘ಅವರು ನನ್ನ ಮೇಲೆ ಕೈ ಮಾಡಿಲ್ಲ, ದುಡ್ಡು ಕೇಳಿಲ್ಲ. ಸುಳ್ಳು ಹೇಳಿ ಯಾಕೆ ಬಿಡಿಸ್ಕೋಬೇಕು?’ ಅಂದಳು. ನಿಜವಾಗಿ ಏಟು ತಿಂದವರು, ವರದಕ್ಷಿಣೆಗೆ ನರಳಿದವರು ದೂರು ಕೊಡಲೇಬೇಕು. ಅವರು ಸುಮ್ನಿರಲಿ ಎಂದು ನಾನು ಹೇಳುತ್ತಿಲ್ಲ.

ಛಾಪಾ ಕಾಗದದ ನಂಬಿಕೆ ನಮ್ಮ ಕಡೆ ಇವತ್ತಿಗೂ ಇದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆಯಡಿ ಬರುವ ಮದುವೆ ಅಂಥ ಕಾಗದದಿಂದ ಮುಗಿಯುವುದಿಲ್ಲ. ಕೆಲವು ಸಮುದಾಯಗಳ ಹಳೇ ರೂಢಿಗೆ ಕಾಯ್ದೆ ಜಾಗ ಬಿಟ್ಟಿದೆ, ನಿಜ. ಆದರೆ ಆ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಸುಮ್ನೆ ಕಾಗದ ನಂಬಿಕೊಂಡು ಇನ್ನೊಂದು ಮದುವೆಯಾದರೆ ಆ ಮದುವೆಯೇ ಊರ್ಜಿತವಾಗದೆ ಹೋಗಬಹುದು.

ಒಪ್ಪಿ ಬೇರೆಯಾಗುವವರಿಗಾಗಿ 1955ರ ಕಾಯ್ದೆಗೆ 1976ರಲ್ಲೇ 13ಬಿ ಕಲಂ ಸೇರಿಸಿದ್ದಾರೆ. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ತಪ್ಪು ಯಾರದು ಎಂದು ಯಾರೂ ಸಾಬೀತು ಮಾಡಬೇಕಿಲ್ಲ. ಆರು ತಿಂಗಳು ಕಾದು ಮತ್ತೆ ಇಬ್ಬರೂ ಬಂದು ಹೇಳಬೇಕು. ಅಷ್ಟರೊಳಗೆ ಒಬ್ಬರು ಮನಸ್ಸು ಬದಲಿಸಿದರೂ ಅರ್ಜಿ ಅಲ್ಲಿಗೇ ನಿಂತಿತು. ಇದು ಸುಲಭದ್ದಾ?

ನಾವು ಮೊದಲು ನೋಡಿದ ವಕೀಲರು, ಆ ಆರು ತಿಂಗಳ ಕಾಯುವಿಕೆ ಯಾರು ಬಂದರೂ ತಪ್ಪುವುದಿಲ್ಲ ಅಂದರು. ನಂಬಿದೆವು. ಎರಡನೆಯವರು ಅಮರ್‌ದೀಪ್ ಸಿಂಗ್ ಮತ್ತು ಹರ್ವೀನ್ ಕೌರ್ ಪ್ರಕರಣದ 2017ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು. ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ಮುಗಿದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಆ ಅವಧಿಯನ್ನು ಮನ್ನಾ ಮಾಡಬಹುದು. ಕೇಳಿದ ತಕ್ಷಣ ಕೊಡಲೇಬೇಕು ಅಂತಲ್ಲ, ಆದರೆ ಕೇಳುವ ದಾರಿ ಇದೆ. ಮಗಳು ಅಳಿಯ ಬೇರೆಯಾಗಿ ಆಗಲೇ ಎರಡು ವರ್ಷ ಆಗಿತ್ತು. ಅದರಲ್ಲಿ ಒಂದು ವರ್ಷ ನನ್ನ ಹಟಕ್ಕೆ ಹೋದದ್ದು.

ಇತ್ಯರ್ಥದ ದಿನ ನನಗೆ ಮರೆಯುವುದಿಲ್ಲ. ಮದುವೆ ಖರ್ಚನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಛತ್ರದ ಬಾಡಿಗೆ, ಅಡುಗೆಯವರು, ವಾಲಗದವರು, ಅಳಿಯನ ಸೂಟು, ಬೀಗರ ಬಸ್ಸು. ಅಷ್ಟನ್ನೂ ವಾಪಸ್ ಕೇಳಬೇಕೆಂದು ಪುಸ್ತಕ ಹಿಡಿದೇ ಬೆಂಗಳೂರಿಗೆ ಹೋಗಿದ್ದೆ. ಮಗಳು ಅದನ್ನು ನನ್ನ ಕೈಯಿಂದ ತಗೊಂಡು, ಅಡುಗೆಮನೆ ಕಟ್ಟೆ ಮೇಲಿಟ್ಟು, ಪೆನ್ನಿನಿಂದ ಒಂದೊಂದೇ ಸಾಲು ಹೊಡೆದುಹಾಕಿದಳು. ‘ಇದು ಉಂಡವರ ಹೊಟ್ಟೆಗೆ ಹೋಯ್ತಪ್ಪ. ಇದು ಅವತ್ತಿನ ಸಂತೋಷಕ್ಕೆ ಆಯ್ತು.’ ಕೊನೆಗೆ ಉಳಿದದ್ದು ಎರಡು ಸಾಲು, ಅವಳ ಒಡವೆ ಮತ್ತು ಪಾತ್ರೆ. ಒಡವೆಯನ್ನು ಅಳಿಯ ಡಬ್ಬಿಯಲ್ಲಿಟ್ಟು, ಅಂಗಡಿಯ ತೂಕದ ಚೀಟಿ ಸಮೇತ ತಂದುಕೊಟ್ಟ. ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಮಿಕ್ಕಿದ್ದನ್ನು ಬರೆಸಿದರು. ಬಾಡಿಗೆ ಮನೆಯ ಅಡ್ವಾನ್ಸ್‌ನಲ್ಲಿ ಯಾರಿಗೆ ಎಷ್ಟು, ಜಂಟಿ ಖಾತೆ ಯಾವಾಗ ಮುಚ್ಚುವುದು, ಗ್ಯಾಸ್ ಕನೆಕ್ಷನ್ ಯಾರ ಹೆಸರಿಗೆ, ಎಲ್ಲ. ಮಕ್ಕಳಿರಲಿಲ್ಲ. ಮಕ್ಕಳಿರುವವರು ಶಾಲೆ ಫೀಸು, ರಜೆಯಲ್ಲಿ ಮಗು ಯಾರ ಹತ್ತಿರ ಅನ್ನುವುದನ್ನೂ ಹೀಗೇ ಬಿಡಿಸಿ ಬರೆಸಬೇಕು. ‘ಆಮೇಲೆ ನೋಡೋಣ’ ಅಂತ ಬಿಟ್ಟಿದ್ದೇ ಜಗಳಕ್ಕೆ ದಾರಿ.

ಮನ್ನಾ ಸಿಕ್ಕಿತು. ಕೊನೆಯ ದಿನ ನಾನು ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ‘ಯಾರದಾದರೂ ಒತ್ತಾಯ ಇದೆಯಾ?’ ಎಂದು ನ್ಯಾಯಾಧೀಶರು ಇಬ್ಬರನ್ನೂ ಕೇಳಿದರಂತೆ. ಇಬ್ಬರೂ ಇಲ್ಲ ಅಂದರಂತೆ. ಅಳಿಯ ಹೊರಗೆ ಬಂದವನೇ, ‘ಮಾವ, ಊಟದ ಹೊತ್ತು ಮೀರಿತು, ಶುಗರ್ ಮಾತ್ರೆ ತಗೊಂಡ್ರಾ?’ ಎಂದು ಕೇಳಿದ. ಈ ಹುಡುಗನ ಮೇಲೆ ನಾನು ಸುಳ್ಳು ಕೇಸ್ ಹಾಕಿಸಲು ಹೊರಟಿದ್ದೆ. ಅವತ್ತು ಅವನ ಮುಖ ನೋಡಲು ನನಗೆ ಆಗಲಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆ ನಮ್ಮ ಹಳ್ಳಿಗಳಿಗೂ ಬರುತ್ತದೆ. ಈ 13ಬಿ ಏನು, ಮನ್ನಾ ಕೇಳುವುದು ಹೇಗೆ ಅನ್ನುವುದನ್ನು ತಿಳಿದವರಿಂದ ಸರಳವಾಗಿ ಬರೆಸಿ ಹಾಕಿ. ವಕೀಲರ ಫೀಸಿಗೆ ಹೆದರಿ ಛಾಪಾ ಕಾಗದಕ್ಕೆ ಹೋಗುವವರೇ ಜಾಸ್ತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಆ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಅಂಚೆ ಕಚೇರಿಯಲ್ಲಿ ಅಷ್ಟು ವರ್ಷ ಕೂತಿದ್ದ ನನಗೇ ಇದು ಗೊತ್ತಿರಲಿಲ್ಲ.

ಮಗಳು ಕೇಳಿಕೊಂಡಿದ್ದಾಳೆ, ಹೆಸರು ಪ್ರಕಟಿಸಬೇಡಿ.

– ನಿವೃತ್ತ ಅಂಚೆ ನೌಕರ, ಹಾಸನ ಜಿಲ್ಲೆ