ಸವರಿದ ರೆಂಬೆಗಳು ಕಸದ ಗಾಡಿಗೆ ಹೋಗದಿರಲಿ

ಮಾನ್ಯ ಸಂಪಾದಕರೇ,

ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ಧಾರವಾಡದ ಬಡಾವಣೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಮನೆಯಂಗಳದ ದಾಸವಾಳ, ನಂದಿಬಟ್ಟಲು, ಕ್ರೋಟನ್ ಗಿಡಗಳನ್ನು ಸವರಿ ರೆಂಬೆಗಳನ್ನು ಕಸದ ಗಾಡಿಗೆ ತುಂಬುತ್ತಾರೆ. ಅದೇ ವಾರ ಅದೇ ಓಣಿಯವರು ನರ್ಸರಿಗೆ ಹೋಗಿ, ಅದೇ ದಾಸವಾಳದ ಒಂದು ಅಗಿಗೆ (ಎಳೆಯ ಸಸಿಗೆ) 100–150 ರೂಪಾಯಿ ಕೊಟ್ಟು ತರುತ್ತಾರೆ. ಹನ್ನೊಂದು ವರ್ಷಗಳಿಂದ ನನ್ನ ಹಿತ್ತಿಲಲ್ಲಿ ಅಗಿ ಎಬ್ಬಿಸುತ್ತಿರುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಈ ವಿದ್ಯೆಗೆ ದೊಡ್ಡ ಬಂಡವಾಳ ಬೇಡ, ತಿಳಿವಳಿಕೆ ಬೇಕು. ಕತ್ತರಿಸಿದ ಕಡ್ಡಿಗೆ ಬೇರಿಲ್ಲ, ಆದರೆ ಅದರ ಎಲೆಗಳಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ. ಆದ್ದರಿಂದಲೇ ಗಾಳಿಯಲ್ಲಿ ತೇವ ತುಂಬಿರುವ ಮಳೆಗಾಲದಲ್ಲಿ, ನೆರಳಿನಲ್ಲಿ ನೆಟ್ಟ ಕಡ್ಡಿ ಬದುಕುವಷ್ಟು ಸುಲಭವಾಗಿ ಬೇಸಿಗೆಯಲ್ಲಿ ನೆಟ್ಟದ್ದು ಬದುಕುವುದಿಲ್ಲ. ತೀರ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾದದ್ದೂ ಅಲ್ಲದ, ಪೆನ್ಸಿಲ್ ದಪ್ಪದ 6–8 ಇಂಚಿನ ಕಡ್ಡಿಯನ್ನು ಗೆಣ್ಣಿನ, ಅಂದರೆ ಎಲೆ ಹುಟ್ಟುವ ಗಂಟಿನ, ಕೆಳಗೇ ಕತ್ತರಿಸಿ, ಮೇಲೆ ಒಂದೆರಡು ಎಲೆ ಉಳಿಸಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಡಬೇಕು. ಹುಬ್ಬಳ್ಳಿ ಕಡೆಯ ಎರೆಮಣ್ಣು ನೀರು ಹಿಡಿದಿಟ್ಟುಕೊಂಡು ಗಾಳಿಯಾಡಲು ಬಿಡದ ಕಾರಣ ಕಡ್ಡಿಯ ಬುಡ ಕಪ್ಪಾಗಿ ಕೊಳೆಯುತ್ತದೆ. ಅಲ್ಲಿಯವರು ಅರ್ಧಕ್ಕರ್ಧ ಮರಳು ಬೆರೆಸುವುದು ಒಳ್ಳೆಯದು. ಹೊಸಬರು ಹೆಚ್ಚಾಗಿ ಎಡವುವುದು ಮುಂದಿನ ಹಂತದಲ್ಲಿ. ಎರಡನೆಯ ವಾರದಲ್ಲೇ ಚಿಗುರು ಕಂಡಿತೆಂದು ಹಿಗ್ಗಿ ಕಡ್ಡಿಯನ್ನು ಎಳೆದು ನೋಡುತ್ತಾರೆ, ಇಲ್ಲವೇ ಬಿಸಿಲಿಗೆ ಇಡುತ್ತಾರೆ. ಆ ಚಿಗುರು ಬರುವುದು ಕಡ್ಡಿಯಲ್ಲಿ ಮೊದಲೇ ಕೂಡಿಟ್ಟ ಆಹಾರದಿಂದ. ಬೇರು ಮೂಡಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಕೈ ಕಟ್ಟಿಕೊಂಡು ಕಾಯುವುದೇ ಕೆಲಸ.

ನಿಂಬೆ, ದಾಳಿಂಬೆ, ಪೇರಲಕ್ಕೆ ಗೂಟಿ ಕಟ್ಟುವುದು ನನಗೆ ಅತ್ಯಂತ ಪ್ರಿಯವಾದ ವಿಧಾನ. ಗಿಡದ ಮೇಲಿರುವ ರೆಂಬೆಯಲ್ಲೇ ಒಂದು ಇಂಚಿನಷ್ಟು ತೊಗಟೆಯನ್ನು ಉಂಗುರದಂತೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟುತ್ತೇವೆ. ಬೇರಿನಿಂದ ಬರುವ ನೀರು ಕಟ್ಟಿಗೆಯ ಮೂಲಕ ಏರುವುದರಿಂದ ರೆಂಬೆ ಒಣಗುವುದಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಮಾತ್ರ ತೊಗಟೆಯ ಮೂಲಕ ಕೆಳಗಿಳಿಯಬೇಕಾದ್ದರಿಂದ ಉಂಗುರದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿಯೇ ಬೇರು ಒಡೆಯುತ್ತದೆ. ಸುಮಾರು ಎರಡು ತಿಂಗಳಿಗೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರುಗಳು ಹೆಣೆದುಕೊಂಡಿರುವುದನ್ನು ಕಂಡ ಸಂತೋಷವನ್ನು ದುಡ್ಡಿನಲ್ಲಿ ಅಳೆಯಲಾಗದು.

ದುಡ್ಡಿನ ಮಾತನ್ನೂ ಹೇಳಬೇಕು. ಕಳೆದ ವರ್ಷ 40 ರೂಪಾಯಿಗೆ ಒಂದರಂತೆ 120 ಅಗಿ ಮಾರಿದೆ. ಚೀಲ, ಮರಳು, ಗೊಬ್ಬರಕ್ಕೆ 1,100 ರೂಪಾಯಿ ಕಳೆದು 3,700 ಉಳಿಯಿತು. ಸಂಸಾರ ನಡೆಯುವ ಆದಾಯ ಇದಲ್ಲ, ಆದರೆ ಮನೆಯಲ್ಲಿರುವ ಹೆಣ್ಣುಮಕ್ಕಳ ಕೈಖರ್ಚಿಗೆ ಸಣ್ಣದೂ ಅಲ್ಲ. ಮಾರುವವರು ಒಂದು ನಿಯತ್ತನ್ನು ಮಾತ್ರ ಬಿಡಬಾರದು: ಅಗಿ ಬೀಜದ್ದೋ ಕಸಿಯದೋ ಎಂಬುದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕು. ಒಂಬತ್ತು ವರ್ಷಗಳ ಹಿಂದೆ ಕಸಿ ಆಪೂಸ್ ಎಂದು ನಂಬಿ ತಂದ ಗಿಡ ಕಳೆದ ಬೇಸಿಗೆಯಲ್ಲಿ ಮೊದಲ ಬಾರಿಗೆ ಕಾಯಿ ಬಿಟ್ಟಿತು. ಹಣ್ಣು ನಾರು, ಹುಳಿ. ಆಪೂಸಿನ ಗೊರಟೆಯಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನೇ ತರುತ್ತದೆಂಬ ಭರವಸೆಯಿಲ್ಲದ ಕಾರಣಕ್ಕೇ ಕಸಿ ಕಟ್ಟುವುದು. ಕೊಳ್ಳುವ ದಿನ ಕಾಂಡದಲ್ಲಿ ಕಸಿಯ ಗಂಟು ಇದೆಯೇ ಎಂದು ನೋಡುವ ತಿಳಿವಳಿಕೆ ನನಗಿದ್ದಿದ್ದರೆ ಒಂಬತ್ತು ವರ್ಷಗಳ ಆರೈಕೆ ವ್ಯರ್ಥವಾಗುತ್ತಿರಲಿಲ್ಲ.

ಇಂಥ ತಿಳಿವಳಿಕೆ ಪುಸ್ತಕದಿಂದ ಬರುವುದು ಕಷ್ಟ, ಚಾಕು ಹಿಡಿದ ಕೈಯನ್ನು ನೋಡಿ ಕಲಿಯಬೇಕು. ಮೃಗಶಿರಾ, ಆರಿದ್ರಾ ಮಳೆಗಳ ನಡುವಿನ ಒಂದು ರವಿವಾರ ಧಾರವಾಡದ ಆಜಾದ್ ಪಾರ್ಕಿನಲ್ಲಿ, ಹುಬ್ಬಳ್ಳಿಯ ಗಾಜಿನ ಮನೆ ಉದ್ಯಾನದಲ್ಲಿ ಸವರಿದ ರೆಂಬೆಗಳನ್ನು ಜಾತಿವಾರು ಕಟ್ಟಿ, ಹೆಸರು ಬರೆದು, ಬಂದವರಿಗೆ ಹಂಚುವ ವ್ಯವಸ್ಥೆಯನ್ನು ಮಹಾನಗರ ಪಾಲಿಕೆ ಮಾಡಬೇಕೆಂದು ಕೋರುತ್ತೇನೆ. ತೋಟಗಾರಿಕೆ ಇಲಾಖೆಯ ಸಿಬ್ಬಂದಿ ಅಲ್ಲಿಯೇ ಕಡ್ಡಿ ನೆಡುವುದನ್ನೂ ಗೂಟಿ, ಕಸಿ ಕಟ್ಟುವುದನ್ನೂ ಮಾಡಿ ತೋರಿಸಲಿ. ಜೂನ್ ತಿಂಗಳಲ್ಲಿ ನೆಟ್ಟ ಕಡ್ಡಿಗಳು ಸೆಪ್ಟೆಂಬರ್ ಹೊತ್ತಿಗೆ ಚೀಲದಲ್ಲಿ ನೆಲೆಯೂರಿರುತ್ತವೆ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ನಡೆಯುವುದೂ ಸಾಮಾನ್ಯವಾಗಿ ಅದೇ ತಿಂಗಳಲ್ಲಿ. ಮನೆಯಲ್ಲಿ ಅಗಿ ಬೆಳೆಸಿದವರಿಗೆ ಮೇಳದಲ್ಲಿ ಬಾಡಿಗೆಯಿಲ್ಲದ ಒಂದು ಸಾಲು ಮಳಿಗೆ ಕೊಟ್ಟರೆ, ನನ್ನಂಥವರು ಮಾರುವ ಜೊತೆಗೆ ಕಲಿಸಲೂ ಸಿದ್ಧರಿದ್ದೇವೆ.

– ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ