ತಂತ್ರಾಂಶ ಲಿನಕ್ಸ್‌ಗೆ ಹೋಗುವಾಗಲೇ ಕನ್ನಡವೂ ಸೇರಲಿ

ಮಾನ್ಯರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಕಂಪ್ಯೂಟರನ್ನೇ ಉಳಿಸಿಕೊಳ್ಳಬೇಕೆನ್ನುವ ದಲಾಲಿ ಅಂಗಡಿಗಳಿಗೆ, ಸಹಕಾರಿ ಸಂಘಗಳಿಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಒಂದು ದಾರಿ. ಅಮರಗೋಳದ ಎಪಿಎಂಸಿಯಿರಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿರಲಿ, ಲೆಕ್ಕದ ತಂತ್ರಾಂಶವನ್ನು ಹೀಗೆ ಬದಲಿಸಿಕೊಳ್ಳುವವರು ‘ಮೊದಲು ಓಡಲಿ, ಕನ್ನಡ ಆಮೇಲೆ’ ಎಂಬ ಮಾತಿಗೆ ಒಪ್ಪಬಾರದು. ಕೋಡನ್ನು ಹೇಗೂ ಬಿಚ್ಚಿದಾಗಲೇ ಪರದೆಯ ಮೇಲೆ ಕಾಣುವ ಸಂದೇಶಗಳನ್ನು ಬೇರೆ ಮಾಡಿಟ್ಟರೆ ಖರ್ಚು ಉಳಿಯುತ್ತದೆ.

ವಿಂಡೋಸ್‌ನಲ್ಲಿ ಸಂದೇಶಗಳು ರಿಸೋರ್ಸ್ ಕಡತದಲ್ಲಿ ಅಂಕಿ ಹೊತ್ತು ಕೂತಿರುತ್ತವೆ. ಲಿನಕ್ಸ್‌ನ ಗೆಟ್‌ಟೆಕ್ಸ್ಟ್ ಎಂಬ ಅನುವಾದ ಪದ್ಧತಿಯಲ್ಲಿ ಅನುವಾದವನ್ನು ಹುಡುಕಲು ಇಂಗ್ಲಿಷ್ ವಾಕ್ಯವೇ ಕೀಲಿ. ಎಕ್ಸ್‌ಗೆಟ್‌ಟೆಕ್ಸ್ಟ್ ಎಂಬ ಸಲಕರಣೆ ಆ ವಾಕ್ಯಗಳನ್ನು ಕೋಡಿನಿಂದ ಹೆಕ್ಕಿ ಕೊಡುತ್ತದೆ, ಅನುವಾದ ಪಿಒ ಕಡತದಲ್ಲಿ ನಡೆಯುತ್ತದೆ, ಅದನ್ನು ಪ್ರೋಗ್ರಾಂ ಓದುವ ಎಂಒ ಕಡತವಾಗಿ ಕಟ್ಟಿದರೆ ಮುಗಿಯಿತು. ಎಡವುವುದು ಇದಾದ ಮೇಲೆ. ಪ್ರೋಗ್ರಾಂ ಶುರುವಾದೊಡನೆ ಸೆಟ್‌ಲೊಕೇಲ್ ಎಂಬ ಭಾಷೆ ಆರಿಸುವ ಆಜ್ಞೆಯನ್ನು ಕರೆಯದಿದ್ದರೆ, ಅಥವಾ ಆ ಯಂತ್ರದಲ್ಲಿ ಕನ್ನಡ ಲೊಕೇಲ್ (ಭಾಷೆಯ ಹೊಂದಿಕೆ) ತಯಾರಾಗಿರದಿದ್ದರೆ, ಯಾವ ದೋಷವನ್ನೂ ತೋರಿಸದೆ ಇಂಗ್ಲಿಷ್ ಬಂದು ನಿಲ್ಲುತ್ತದೆ. ಫೋಲ್ಡರ್ ಹೆಸರಿನ ದೊಡ್ಡಕ್ಷರ-ಚಿಕ್ಕಕ್ಷರದ ತಪ್ಪನ್ನು ವಿಂಡೋಸ್ ಮನ್ನಿಸುತ್ತಿತ್ತು, ಲಿನಕ್ಸ್ ಮನ್ನಿಸುವುದಿಲ್ಲ.

ಎರಡನೆಯದು ಜಾಗದ ಲೆಕ್ಕ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಒತ್ತು ಕೂಡಿಸುವ ಚಿಹ್ನೆ ಎಲ್ಲ ಬೇರೆ ಬೇರೆ ಸಂಕೇತ) 3 ಬೈಟ್ ಬೇಕು. ‘ಹುಬ್ಬಳ್ಳಿ’ ನೋಡಲು 3 ಅಕ್ಷರ, ಒಳಗೆ 9 ಸಂಕೇತ, ಅಂದರೆ 27 ಬೈಟ್. ಇಂಗ್ಲಿಷಿನಲ್ಲಿ ಬರೆದರೆ 8. ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟ ಹಳೆಯ ಕೋಡ್ ಸಂಕೇತದ ನಡುವೆಯೇ ಕತ್ತರಿಸುತ್ತದೆ, ರಸೀದಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಅಚ್ಚಾಗುತ್ತದೆ. ವೈಡ್ ಕ್ಯಾರೆಕ್ಟರ್ (ಅಕ್ಷರಕ್ಕೆ ಹೆಚ್ಚು ಜಾಗ ಕೊಡುವ ವಿಧಾನ) ಬಳಸಿದ ಕೋಡಿಗೂ ಎಚ್ಚರ ಬೇಕು: ಅದು ವಿಂಡೋಸ್‌ನಲ್ಲಿ 2 ಬೈಟ್, ಲಿನಕ್ಸ್‌ನಲ್ಲಿ 4. ಹೀಗಾಗಿ ಹಳೆಯ ಡೇಟಾ ಕಡತವನ್ನು ನೇರವಾಗಿ ಓದಿಸಿದರೆ ಎಲ್ಲ ಕಲಸುಮೇಲೋಗರ.

ವಾಕ್ಯವನ್ನು ತುಂಡು ತುಂಡಾಗಿ ಜೋಡಿಸುವ ಚಾಳಿಯನ್ನು ಮಾತ್ರ ಖಂಡಿತ ಬಿಡಬೇಕು. ಊರಿನ ಹೆಸರಿಗೆ ‘ದಿಂದ’ ಅಂಟಿಸುವ ಕೋಡ್ ಧಾರವಾಡಕ್ಕೆ ಸರಿಹೋದೀತು, ಹಾವೇರಿಗೆ ‘ಹಾವೇರಿದಿಂದ’ ಎಂದು ಮುದ್ರಿಸುತ್ತದೆ. ‘ಊರು: ಹಾವೇರಿ’ ಎಂದು ಬಿಡಿಸಿ ಬರೆಯುವುದೇ ಲೇಸು. 1 ಚೀಲ ‘ಬಂದಿದೆ’, 5 ಚೀಲ ‘ಬಂದಿವೆ’. ಇದಕ್ಕೆ ಎನ್‌ಗೆಟ್‌ಟೆಕ್ಸ್ಟ್ ಎಂಬ ಏಕವಚನ-ಬಹುವಚನ ಆರಿಸುವ ಸೌಲಭ್ಯ ಇದೆ, ಕೋಡಿನಲ್ಲಿ ಷರತ್ತು ಬರೆದು ಒದ್ದಾಡಬೇಕಿಲ್ಲ.

‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಗ್ರಾಹಕರ ಹೆಸರುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಅವನ್ನು ಮೊದಲೇ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು; ತಪ್ಪು ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ.

ಕೆಲಸ ಒಪ್ಪಿಸುವವರು ಕರಾರಿನಲ್ಲಿ ಪಿಒ ಕಡತವನ್ನೂ ಕೈಗೆ ಕೊಡಬೇಕೆಂದು ಬರೆಸಿಕೊಳ್ಳಲಿ. ಅದು ಬರೀ ಪಠ್ಯ. ಪೋಎಡಿಟ್‌ನಲ್ಲಿ (ಅನುವಾದ ತಿದ್ದುವ ತಂತ್ರಾಂಶ) ತೆರೆದು ಗುಮಾಸ್ತರೇ ತಿದ್ದಬಹುದು. ಅನುವಾದ ಇನ್ನೂ ಖಚಿತವಿಲ್ಲ ಎನ್ನುವ ‘ಫಜ್ಜಿ’ ಗುರುತು ಉಳಿದ ಸಾಲುಗಳು ಎಂಒ ಕಡತಕ್ಕೆ ಸೇರುವುದಿಲ್ಲ, ಪರಿಶೀಲಿಸಿ ಆ ಗುರುತನ್ನು ತೆಗೆದೇ ಕಟ್ಟಬೇಕು.

— ಕೆಲವು ತಂತ್ರಾಂಶ ತಯಾರಕರು, ವಿದ್ಯಾನಗರ, ಹುಬ್ಬಳ್ಳಿ